ಗೇ ಎಂದು ಹೇಳಿಕೊಂಡ ಹುಡುಗನಿಗೆ ಫುಟ್‌ಬಾಲಿನಲ್ಲಿ ಜಾಗ ಉಂಟಾ?

ನಿಮ್ಮ ಪ್ರಶ್ನೆ ನಿನ್ನೆ ರಾತ್ರಿ ಓದಿದೆ. ತಮ್ಮನಿಗೆ 19 ವರ್ಷ, ಕ್ಲಬ್ಬಿನಲ್ಲಿ ಲೆಫ್ಟ್ ಬ್ಯಾಕ್ ಆಡುತ್ತಾನೆ, ತಾನು ಗೇ ಎಂದು ಮನೆಯಲ್ಲಿ ನಿಮಗೊಬ್ಬರಿಗೇ ಹೇಳಿದ್ದಾನೆ. ದೊಡ್ಡ ಮಟ್ಟದ ಫುಟ್‌ಬಾಲಿನಲ್ಲಿ ಇಂಥವರನ್ನು ಒಪ್ಪುತ್ತಾರಾ, ಇಲ್ಲವಾದರೆ ಈಗಲೇ ಆಟ ಬಿಡಿಸುವುದು ಒಳ್ಳೆಯದಾ ಅಂತ ಕೇಳಿದ್ದೀರಿ.

ಆಟ ಬಿಡಿಸಬೇಡಿ ಮಾರಾಯ್ರೆ. ನಾನು ಮಂಗಳೂರಿನ ನೆಹರೂ ಮೈದಾನದಲ್ಲಿ 20 ವರ್ಷದಿಂದ ಹುಡುಗರಿಗೆ ಫುಟ್‌ಬಾಲ್ ಕಲಿಸುವವನು. ಬಂದರ್, ಕುದ್ರೋಳಿ, ಉಳ್ಳಾಲದ ಕಡೆಯಿಂದ ಬರುವ ಮಕ್ಕಳು. ಅದರ ಮೇಲೆ ಹೇಳುತ್ತಿದ್ದೇನೆ.

ಒಪ್ಪುತ್ತಾರಾ ಎಂದರೆ, ಗಂಡಸರ ಆಟದಲ್ಲಿ ಇನ್ನೂ ಪೂರ್ತಿ ಇಲ್ಲ. 1992ರಲ್ಲಿ ಶುರುವಾದ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ, ಆಡುತ್ತಿರುವಾಗಲೇ ಹೇಳಿಕೊಂಡವರು ನಾನಿದನ್ನು ಬರೆಯುವ ಹೊತ್ತಿಗೂ ಒಬ್ಬರೂ ಇಲ್ಲ. ಜರ್ಮನಿಗೆ 52 ಪಂದ್ಯ ಆಡಿದ ಥಾಮಸ್ ಹಿಟ್ಜಲ್ಸ್‌ಪರ್ಗರ್ ಕೂಡ ನಿವೃತ್ತರಾದ ಮೇಲೆಯೇ, 2014ರಲ್ಲಿ, ಬಾಯಿಬಿಟ್ಟರು. ಹೆಂಗಸರ ಫುಟ್‌ಬಾಲಿನಲ್ಲಿ ಹಾಗಿಲ್ಲ. ಅಮೆರಿಕದ ಮೇಗನ್ ರಪಿನೋ 2012ರಲ್ಲೇ ಹೇಳಿಕೊಂಡವರು, 2019ರ ವಿಶ್ವಕಪ್ಪಿನಲ್ಲಿ ಅತ್ಯುತ್ತಮ ಆಟಗಾರ್ತಿ ಆದವರೂ ಅವರೇ. ನಮ್ಮ ದೇಶದಲ್ಲಿ ಓಟಗಾರ್ತಿ ದ್ಯುತಿ ಚಂದ್ 2019ರಲ್ಲಿ ಒಡಿಶಾದ ಹಳ್ಳಿಮನೆಯ ವಿರೋಧ ಕಟ್ಟಿಕೊಂಡು ಹೇಳಿದರು; 2021ರಲ್ಲಿ 100 ಮೀಟರ್ ಓಟವನ್ನು 11.17 ಸೆಕೆಂಡಿನಲ್ಲಿ ಮುಗಿಸಿ ರಾಷ್ಟ್ರೀಯ ದಾಖಲೆ ಬರೆದರು.

ನೀವು ಅಕ್ಕ ಆದ್ದರಿಂದ ಜಸ್ಟಿನ್ ಫಶಾನು ವಿಷಯ ಹೇಳಲೇಬೇಕು. 1981ರಲ್ಲಿ ಹತ್ತು ಲಕ್ಷ ಪೌಂಡಿಗೆ ನಾರ್ವಿಚ್‌ನಿಂದ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಹೋದ ಇಂಗ್ಲೆಂಡಿನ ಆಟಗಾರ; ಆ ಬೆಲೆ ಪಡೆದ ಮೊದಲ ಕಪ್ಪು ವರ್ಣೀಯ ಫುಟ್‌ಬಾಲಿಗ. 1990ರಲ್ಲಿ ತಾನು ಗೇ ಎಂದು ಪತ್ರಿಕೆಗೆ ಹೇಳಿದರು. ಸ್ವಂತ ತಮ್ಮ ಜಾನ್, ಅವರೂ ಹೆಸರಾಂತ ಆಟಗಾರರು, ಊರೆಲ್ಲ ಓದುವ ಹಾಗೆ ಅಣ್ಣನನ್ನು ದೂರ ಮಾಡಿದರು. 1998ರಲ್ಲಿ, 37ನೇ ವಯಸ್ಸಿಗೆ, ಜಸ್ಟಿನ್ ಜೀವ ಕಳೆದುಕೊಂಡರು. ಎಷ್ಟೋ ವರ್ಷದ ನಂತರ ಜಾನ್ ತಾನು ಮಾಡಿದ್ದು ತಪ್ಪು ಎಂದು ಬಹಿರಂಗವಾಗಿ ನೊಂದುಕೊಂಡರು. ನಿಮ್ಮ ತಮ್ಮ ನಿಮ್ಮ ಹತ್ತಿರ ಬಂದು ಹೇಳಿದ್ದಾನೆ, ನೀವು ಅವನಿಗಾಗಿ ಗುರುತಿಲ್ಲದವರ ಹತ್ತಿರ ಬಂದು ಕೇಳುತ್ತಿದ್ದೀರಿ. ಇದು ಸಣ್ಣ ವಿಷಯ ಅಲ್ಲ.

ಇಂಗ್ಲೆಂಡಿನ ಗಂಡಸರ ವೃತ್ತಿಪರ ಆಟದಲ್ಲಿ ಫಶಾನು ನಂತರ ಆಡುತ್ತಿರುವಾಗಲೇ ಹೇಳಿಕೊಂಡವನು ಬ್ಲ್ಯಾಕ್‌ಪೂಲ್ ತಂಡದ ಜೇಕ್ ಡೇನಿಯಲ್ಸ್, 2022ರಲ್ಲಿ. ಆಗ ಅವನಿಗೆ 17 ವರ್ಷ. ಮರುವರ್ಷ ಜೆಕ್ ದೇಶದ ಯಾಕುಬ್ ಯಾಂಕ್ಟೋ ಹೇಳಿಕೊಂಡರು, ಅದಾದ ಮೇಲೆಯೇ ಇಟಲಿಯ ಕಾಲಿಯಾರಿ ಕ್ಲಬ್ ಅವರನ್ನು ತೆಗೆದುಕೊಂಡಿತು. ದಾರಿ ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಅಲುಗಿಸಿದ್ದು ಅಮೆರಿಕದ ಒಂದು ಪಂದ್ಯ. ಸ್ಯಾನ್ ಡಿಯಾಗೋ ಲಾಯಲ್ ತಂಡದ ಮಿಡ್‌ಫೀಲ್ಡರ್ ಕಾಲಿನ್ ಮಾರ್ಟಿನ್ 2018ರಲ್ಲೇ ಹೇಳಿಕೊಂಡವರು. 2020ರ ಸೆಪ್ಟೆಂಬರ್ 30ರಂದು ಫೀನಿಕ್ಸ್ ರೈಸಿಂಗ್ ವಿರುದ್ಧ ಅವರ ತಂಡ 3–1 ಮುಂದಿತ್ತು. ವಿರಾಮದ ಹೊತ್ತಿಗೆ ಎದುರು ತಂಡದವನೊಬ್ಬ ಮಾರ್ಟಿನ್‌ಗೆ ಹೊಲಸು ಮಾತು ಆಡಿದ ಎಂದು ಗಲಾಟೆ ಆಯಿತು. ಕೋಚ್ ಲ್ಯಾಂಡನ್ ಡೊನೊವನ್ ರೆಫರಿ ಹತ್ತಿರ, ಎದುರು ಕೋಚ್ ಹತ್ತಿರ ವಾದಿಸಿದರು. ಏನೂ ಆಗಲಿಲ್ಲ. ದ್ವಿತೀಯಾರ್ಧ ಶುರುವಾದ ಕೂಡಲೇ ಇಡೀ ತಂಡ ಮೊಣಕಾಲೂರಿತು, ಎದ್ದು ಹೊರಗೆ ನಡೆಯಿತು. ಗೆಲ್ಲುತ್ತಿದ್ದ ಪಂದ್ಯ ಬಿಟ್ಟುಕೊಟ್ಟರು, ಪ್ಲೇಆಫ್ ಆಸೆಯೂ ಅದರೊಂದಿಗೆ ಹೋಯಿತು.

ಕೊರೋನಾದ ಕಾಲ, ಇಲ್ಲಿ ಪ್ರಾಕ್ಟೀಸ್ ಇರಲಿಲ್ಲ. ಆ ವಿಡಿಯೋ ನಾನು ಫೋನಿನಲ್ಲಿ ಮತ್ತೆ ಮತ್ತೆ ನೋಡಿದೆ, ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ನನ್ನ ಕೈಯಲ್ಲೂ ಒಮ್ಮೆ ವಿಸಿಲ್ ಇತ್ತು.

ಅದಕ್ಕೂ ಏಳೆಂಟು ವರ್ಷ ಹಿಂದೆ, ಜುಲೈ ತಿಂಗಳು. ಮೈದಾನ ಪೂರ್ತಿ ಕೆಂಪು ಕೆಸರು, ಚೆಂಡು ಒದ್ದಲ್ಲೇ ನಿಲ್ಲುತ್ತಿತ್ತು. ಎಡಗಾಲಿನಲ್ಲಿ ಚಂದ ಆಡುವ ಒಬ್ಬ ಹುಡುಗ ಒಂದು ಟ್ಯಾಕಲ್‌ನಿಂದ ಹಿಂದೆ ಸರಿದ. ಇನ್ನೊಬ್ಬ "ಚಕ್ಕಾ" ಎಂದು ಕೂಗಿದ, ಉಳಿದವರೆಲ್ಲ ನಕ್ಕರು. ನಾನು "ಸಾಕು, ಆಡಿ ಆಡಿ, ಮಳೆ ಜೋರಾಗ್ತದೆ" ಎಂದೆ. ಅಷ್ಟೇ. ಪ್ರಾಕ್ಟೀಸ್ ಮುಗಿದ ಮೇಲೆ ಅವನು ನಳ್ಳಿಯ ಹತ್ತಿರ ಕೂತು, ಒಂದು ಕಡ್ಡಿ ಹಿಡಿದು ಬೂಟಿನ ಒಂದೊಂದು ಸ್ಟಡ್‌ನ ಸಂದಿಯಿಂದ ಕೆಸರು ತೆಗೆದ. ಬೇರೆಯವರು ಒದ್ದೆ ಬಿಬ್ಬನ್ನು, ಪ್ರಾಕ್ಟೀಸಿನಲ್ಲಿ ತಂಡ ಗುರುತಿಸಲು ಅಂಗಿಯ ಮೇಲೆ ಹಾಕುವ ಬನಿಯನನ್ನು, ಮುದ್ದೆ ಮಾಡಿ ಬಿಸಾಡಿ ಬಸ್ ಹಿಡಿಯಲು ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಓಡಿದರು. ಇವನು ತನ್ನದನ್ನು ಹಿಂಡಿ, ನಾಲ್ಕು ಮಡಿಕೆ ಮಾಡಿ ನನ್ನ ಚೀಲದಲ್ಲಿ ಇಟ್ಟ. ಮರುದಿನ ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ.

ಆ ವಿಡಿಯೋ ನೋಡಿದ ವಾರ ಅವನ ನಂಬರ್ ಹುಡುಕಿಸಿ ಮೆಸೇಜ್ ಮಾಡಿದೆ, ಕ್ಷಮಿಸು ಮಗ ಎಂದು. ಗಲ್ಫಿನಲ್ಲಿದ್ದ. ಎರಡು ದಿನ ಬಿಟ್ಟು ಉತ್ತರ ಬಂತು: "ಆ ಶಬ್ದ ನನಗೆ ಶಾಲೆಯಿಂದಲೂ ಅಭ್ಯಾಸ ಸರ್. ಅವತ್ತು ನೀವೂ ಕೇಳಿಸಿಕೊಂಡ್ರಿ, ನಾನು ನೋಡಿದೆ." ಅವನು ಗೇ ಹೌದೋ ಅಲ್ಲವೋ ನಾನು ಕೇಳಲಿಲ್ಲ. ಅದು ಕೇಳುವ ಪ್ರಶ್ನೆಯೇ ಅಲ್ಲ.

ಈಗ ಆ ಶಬ್ದ ಬಂದರೆ ಆಟ ನಿಲ್ಲುತ್ತದೆ. ಅಂದವನು ಆ ದಿನಕ್ಕೆ ಹೊರಗೆ, ಎಷ್ಟೇ ಒಳ್ಳೆಯ ಆಟಗಾರ ಆಗಲಿ. ಭಾಷಣ ಕೊಡುವುದಿಲ್ಲ. ಮೊದಲು ಒಬ್ಬರು ತಂದೆ ಬಂದು "ಇಷ್ಟು ಸಣ್ಣದಕ್ಕೆ ಎಂತಕ್ಕೆ ಸರ್" ಎಂದು ಜಗಳ ತೆಗೆದರು. ಈಗೀಗ ನಾನು ವಿಸಿಲ್ ಊದುವ ಮೊದಲೇ ದೊಡ್ಡ ಹುಡುಗರು ಚೆಂಡನ್ನು ಕಾಲಡಿ ಹಿಡಿದು ನಿಂತುಬಿಡುತ್ತಾರೆ.

ಹಾಗಾಗಿ ತಮ್ಮನಿಗೆ ಹೇಳಿ: ಎಲ್ಲರ ಮುಂದೆ ಘೋಷಣೆ ಮಾಡಬೇಕಾದ ಸಾಲ ಅವನ ಮೇಲೆ ಯಾರದ್ದೂ ಇಲ್ಲ. ಕೆಟ್ಟ ಮಾತು ಬಂದಾಗ ಕ್ಯಾಪ್ಟನ್ ಏನು ಮಾಡುತ್ತಾನೆ, ಕೋಚ್ ಮುಖ ಯಾವ ಕಡೆ ತಿರುಗುತ್ತದೆ, ಅದನ್ನು ಒಂದು ಸೀಸನ್ ನೋಡಲಿ. ನಂಬಿಕೆಯವನು ಒಬ್ಬ ಸಿಕ್ಕಿದರೆ ಅವನಿಗೆ ಮಾತ್ರ ಹೇಳಲಿ. ಸಿಗದಿದ್ದರೆ ಬಿಡಬೇಕಾದ್ದು ಆ ಕ್ಲಬ್ಬನ್ನು, ಆಟವನ್ನಲ್ಲ. ಯಾರಾದರೂ ಪೊಲೀಸ್, ಕೇಸು ಎಂದು ಹೆದರಿಸಿದರೆ ಹೆದರಬೇಡಿ. ವಯಸ್ಕರು ಒಪ್ಪಿ ಇರುವ ಸಂಬಂಧ ಅಪರಾಧ ಅಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿ ಆಗಿದೆ. ಮತ್ತೆ, ಅವನ ಪರವಾಗಿ ಅಂತ ನೀವು ಅಪ್ಪ ಅಮ್ಮನಿಗೆ ಹೇಳಲು ಹೋಗಬೇಡಿ, ಅವನೇ ಕೇಳಿಕೊಳ್ಳುವ ತನಕ.

ಕಾಲೇಜೋ ಕೆಲಸವೋ ಹುಡುಕಿ ಅವನು ಈ ಕಡೆ ಬರುವುದಾದರೆ, ಸಂಜೆ ಐದಕ್ಕೆ ನೆಹರೂ ಮೈದಾನಕ್ಕೆ ಕಳಿಸಿ. ನನಗೆ ಲೆಫ್ಟ್ ಬ್ಯಾಕ್ ಒಬ್ಬ ಬೇಕಾಗಿದ್ದಾನೆ. ಬೂಟು ತರಲಿ, ಬಿಬ್ ನನ್ನ ಹತ್ತಿರ ಉಂಟು.