ನೀಸ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ಮರಳಲು ಯಾವ ದ್ವೀಪ ಒಳ್ಳೆಯದು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ಜೂನ್ ಕೊನೆಯ ವಾರ ದಕ್ಷಿಣ ಫ್ರಾನ್ಸಿನ ನೀಸ್‌ನಲ್ಲಿ 5 ದಿನ ಇರುತ್ತೀರಿ. ಜೊತೆಗೆ ಹೆಂಡತಿ, 8 ವರ್ಷದ ಮಗಳು, ಮಂಡಿನೋವಿರುವ 67 ವರ್ಷದ ಅಮ್ಮ. ಒಂದು ದಿನವನ್ನು ದ್ವೀಪಕ್ಕೆಂದು ಎತ್ತಿಟ್ಟಿದ್ದೀರಿ. ಏಜೆಂಟರೊಬ್ಬರು ಸಾಂತ್ ತ್ರೋಪೆ, ಪೋರ್ಕೆರೋಲ್, ಲೆರಾಂ ಎಂದು ಬರೆದು 'ಒಂದೇ ದಿನದಲ್ಲಿ ಮೂರು ದ್ವೀಪ' ಎಂಬ ಪಟ್ಟಿ ಕೊಟ್ಟಿದ್ದಾರೆ. ಒಪ್ಪಿಕೊಳ್ಳಬಹುದೇ ಎಂದು ಕೇಳಿದ್ದೀರಿ.

ಬೇಡ. ಮೊದಲನೆಯದಾಗಿ ಸಾಂತ್ ತ್ರೋಪೆ ದ್ವೀಪವೇ ಅಲ್ಲ, ದಡದ ಮೇಲಿನ ಊರು. ಎರಡನೆಯದಾಗಿ, ಈ ಮೂರನ್ನೂ ಒಂದೇ ದಿನದಲ್ಲಿ ನೋಡಬೇಕಾದರೆ ನೀವು ನೋಡುವುದು ದೋಣಿಯ ಬೆಂಚನ್ನು ಮಾತ್ರ. ನೀಸ್‌ನಿಂದ ರೈಲಿನಲ್ಲಿ ಕಾನ್‌ಗೆ ಹೋಗಿ. ಚಿತ್ರೋತ್ಸವದ ಕಾನ್ ಅದೇ. ಅಲ್ಲಿನ ಹಳೆಯ ಬಂದರಿನಿಂದ ಲೆರಾಂ ದ್ವೀಪಗಳ ಪೈಕಿ ಒಂದಕ್ಕೆ, ಒಂದಕ್ಕೆ ಮಾತ್ರ, ದೋಣಿ ಹತ್ತಿ. ಅಮ್ಮ ಮತ್ತು ಮಗಳು ಇಬ್ಬರೂ ಇರುವುದರಿಂದ ನನ್ನ ಮತ ಸಾಂತ್ ಮಾರ್ಗರೀತ್‌ಗೆ. ನೀವಿಬ್ಬರೇ ಹೋಗುವುದಾಗಿದ್ದರೆ ಪಕ್ಕದ ಸಾಂತ್ ಒನೊರಾ ಎನ್ನುತ್ತಿದ್ದೆ.

ನಾನು ಮೂರು ವರ್ಷ ನೀಸ್ ಮತ್ತು ಕಾನ್ ನಡುವಿನ ಆಂಟೀಬ್‌ ಊರಿನಲ್ಲಿ ಬಾಡಿಗೆಗಿದ್ದು, ಹತ್ತಿರದ ಸೋಫಿಯಾ ಆಂಟಿಪೋಲಿಸ್ ತಂತ್ರಜ್ಞಾನ ಪಾರ್ಕಿನಲ್ಲಿ ಕೆಲಸ ಮಾಡಿದವನು. ಊರಿನಿಂದ ಯಾರೇ ಬಂದರೂ ದ್ವೀಪ ತೋರಿಸುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಆದ್ದರಿಂದ ಇದರಲ್ಲಿ ಮಾಡಬಹುದಾದ ತಪ್ಪುಗಳನ್ನೆಲ್ಲ ನಾನೇ ಮಾಡಿ ಮುಗಿಸಿದ್ದೇನೆ.

ನೀಸ್‌ನಿಂದ ಕಾನ್‌ಗೆ ಸ್ಥಳೀಯ ರೈಲಿನಲ್ಲಿ ಅರ್ಧದಿಂದ ಮುಕ್ಕಾಲು ಗಂಟೆ. ಎಡಬದಿಯ ಕಿಟಕಿ ಹಿಡಿಯಿರಿ, ಸಮುದ್ರ ಆ ಕಡೆಗಿದೆ. ನಿಲ್ದಾಣದಿಂದ ಬಂದರಿಗೆ ಕಾಲು ಗಂಟೆಯ ನಡಿಗೆ. ಅಮ್ಮನಿಗೆ ಬಿಸಿಲು ತಾಗದಿರಲೆಂದು ಬೆಳಿಗ್ಗೆ 9ರೊಳಗೆ ಅಲ್ಲಿರುವುದು ಒಳ್ಳೆಯದು. ದ್ವೀಪದ ದೋಣಿಗಳು ಹೊರಡುವುದು ಬಂದರಿನ ಪಶ್ಚಿಮದ ಧಕ್ಕೆಯಿಂದ. ಎರಡು ದ್ವೀಪಗಳಿಗೆ ಬೇರೆ ಬೇರೆ ಟಿಕೆಟ್ ಕಿಟಕಿಗಳಿವೆ, ಬೋರ್ಡು ನೋಡಿ ಸರತಿಯಲ್ಲಿ ನಿಲ್ಲಿ. ಸಾಂತ್ ಮಾರ್ಗರೀತ್ ತಲುಪಲು ಕಾಲು ಗಂಟೆ ಸಾಕು. ದೋಣಿಯೆಂದರೆ ವಾಂತಿ ಬರುವ ಅಮ್ಮಂದಿರಿಗೂ ಅದು ಸಹ್ಯ.

ದ್ವೀಪ ಸುಮಾರು 3 ಕಿಲೋಮೀಟರ್ ಉದ್ದ, 1 ಕಿಲೋಮೀಟರಿಗೂ ಕಡಿಮೆ ಅಗಲ. ವಾಹನಗಳ ಸದ್ದಿಲ್ಲ. ಬಹುಪಾಲು ಕಾಡು: ಸೂಜಿಯೆಲೆಯ ಪೈನ್ ಮರಗಳು, ನಡುವೆ ದೈತ್ಯ ನೀಲಗಿರಿಗಳ ಸಾಲು. ನನ್ನ ಅಮ್ಮ ಕುಂದಾಪುರದವರು. ಕಾನ್‌ನ ಐಷಾರಾಮಿ ಹಡಗುಗಳನ್ನು ನೋಡಿ ಒಂದು ಮಾತೂ ಆಡದಿದ್ದವರು, ಇಲ್ಲಿ ಬಂದು ಒಂದು ಎಲೆಯನ್ನು ಕಿವುಚಿ ಮೂಸಿ, "ಇದು ನಮ್ಮ ನೀಲಗಿರಿಯೇ ಅಲ್ಲವಾ? ಇಷ್ಟು ದೂರ ಬಂದು ಇದನ್ನು ನೋಡಬೇಕಾಯಿತಾ?" ಎಂದರು. ಆಮೇಲೆ ಅದೇ ಮರದ ನೆರಳಿನಲ್ಲಿ ಒಂದು ಗಂಟೆ ನಿದ್ದೆ ಮಾಡಿದರು. ದಾರಿಗಳು ಬಹುತೇಕ ಸಮತಟ್ಟು, ಮಂಡಿಗೆ ಕಷ್ಟವಿಲ್ಲ. ಧಕ್ಕೆಯಿಂದ ಕೋಟೆಗೆ ಹೋಗುವ ಏರು ಮಾತ್ರ ಸ್ವಲ್ಪ ಉಸಿರು ಹಿಡಿಸುತ್ತದೆ, ನಿಧಾನವಾಗಿ ಹತ್ತಲಿ.

ಆ ಏರು ಹತ್ತಲೇಬೇಕು. ಮೇಲಿರುವುದು ಫೋರ್ ರಯಾಲ್, ಅಂದರೆ ರಾಜಕೋಟೆ. 'ಕಬ್ಬಿಣದ ಮುಖವಾಡದ ಮನುಷ್ಯ' ಎಂಬ ಕೈದಿಯ ಹೆಸರು ನೀವು ಕೇಳಿರಬಹುದು. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ ಅವನನ್ನು 1687ರಿಂದ 1698ರವರೆಗೆ, ಹನ್ನೊಂದು ವರ್ಷ, ಇಲ್ಲಿಯೇ ಇಟ್ಟಿದ್ದರು. ಆ ಕೋಣೆಯೊಳಗೆ ನೀವು ನಿಲ್ಲಬಹುದು. ದಪ್ಪ ಗೋಡೆ, ಸಮುದ್ರದ ಕಡೆಗೆ ಒಂದು ಕಿಟಕಿ, ಅದಕ್ಕೆ ಒಂದರ ಹಿಂದೊಂದು ಸರಳುಗಳು. ಅಲ್ಲಿಂದ ಅವನನ್ನು ಪ್ಯಾರಿಸಿನ ಬಾಸ್ಟೀಲ್ ಸೆರೆಮನೆಗೆ ಒಯ್ದರು, 1703ರಲ್ಲಿ ಅಲ್ಲಿಯೇ ಸತ್ತ. ಮುಖವಾಡ ಕಬ್ಬಿಣದ್ದಲ್ಲ, ಬಾಸ್ಟೀಲಿನ ಅಧಿಕಾರಿಯೊಬ್ಬ ದಿನಚರಿಯಲ್ಲಿ ಬರೆದಿಟ್ಟಿರುವುದು ಕಪ್ಪು ಮಖಮಲ್ಲಿನ ಮುಸುಕು ಎಂದು. ಕಬ್ಬಿಣವನ್ನು ಜನಪ್ರಿಯಗೊಳಿಸಿದವನು ಫ್ರೆಂಚ್ ಲೇಖಕ ವೋಲ್ಟೇರ್. ಮಗಳಿಗೆ ಈ ಕಥೆಯನ್ನು ದೋಣಿಯಲ್ಲೇ ಹೇಳಿಬಿಡಿ, ಆಮೇಲೆ ಏರಿನಲ್ಲಿ ಅವಳೇ ನಿಮ್ಮ ಕೈಹಿಡಿದು ಎಳೆಯುತ್ತಾಳೆ.

ನನಗೆ ಮನಸ್ಸಿಗೆ ತಾಕಿದ್ದು ಮಾತ್ರ ಇನ್ನೊಂದು ಜಾಗ. ಕಾಡಿನೊಳಗೆ ಒಂದು ಮುಸ್ಲಿಂ ಸ್ಮಶಾನವಿದೆ. ಅಲ್ಜೀರಿಯಾದಲ್ಲಿ ಫ್ರೆಂಚರ ವಿರುದ್ಧ ಹೋರಾಡಿದ ಅಬ್ದ್ ಅಲ್ ಖಾದಿರ್‌ನ ಪರಿವಾರದ ಶಿಬಿರವನ್ನು 1843ರಲ್ಲಿ ಹಿಡಿದಾಗ, ನೂರಾರು ಜನರನ್ನು, ಹೆಂಗಸರು ಮಕ್ಕಳನ್ನೂ ಸೇರಿಸಿ, ಇಲ್ಲಿಗೆ ತಂದು ಕೂಡಿಹಾಕಿದರು. ಊರಿಗೆ ಮರಳದೆ ಸತ್ತವರು ಇಲ್ಲಿ ಮಲಗಿದ್ದಾರೆ. ಕಲ್ಲುಗಳನ್ನು ಸುತ್ತಲೂ ಜೋಡಿಸಿದ ಗುರುತುಗಳಷ್ಟೇ, ಹೆಸರಿಲ್ಲ. ಕೋಟೆಗೆ ಬರುವ ನೂರು ಜನರಲ್ಲಿ ಹತ್ತು ಜನರೂ ಅತ್ತ ಹೋಗುವುದನ್ನು ನಾನು ಕಾಣಲಿಲ್ಲ. ಅದೇ ಕೋಟೆಯಲ್ಲಿ ಸೆರೆಯಿದ್ದ ಫ್ರೆಂಚ್ ಸೇನಾಪತಿ ಬಜೇನ್ 1874ರಲ್ಲಿ ಹಗ್ಗ ಇಳಿಬಿಟ್ಟು ಪರಾರಿಯಾದ ಗೋಡೆಯನ್ನು ಎಲ್ಲರೂ ಬಗ್ಗಿ ನೋಡುತ್ತಾರೆ. ಸೇನಾಪತಿಗೆ ಹಗ್ಗ ಸಿಕ್ಕಿತು, ಸ್ಮಶಾನದಲ್ಲಿ ಮಲಗಿದವರಿಗೆ ಸಿಗಲಿಲ್ಲ.

ಈಗ ನನ್ನ ಮೊದಲ ತಪ್ಪು. ಮೊದಲ ಬೇಸಿಗೆಯಲ್ಲಿ, ಎರಡು ದ್ವೀಪಗಳೂ ಅಕ್ಕಪಕ್ಕದಲ್ಲಿವೆ, ಒಂದು ಮುಗಿಸಿ ಇನ್ನೊಂದಕ್ಕೆ ದಾಟಿಬಿಡೋಣ ಎಂದು ಲೆಕ್ಕ ಹಾಕಿದೆ. ಸಾಂತ್ ಮಾರ್ಗರೀತ್‌ನ ದಕ್ಷಿಣದ ದಡಕ್ಕೆ ನಡೆದು ಹೋದೆ. ಎದುರಿಗೆ 1 ಕಿಲೋಮೀಟರೂ ಇಲ್ಲದ ತಿಳಿನೀರು, ಅದರಾಚೆ ಸಾಂತ್ ಒನೊರಾದ ಗೋಪುರ ಕೈಗೆ ಸಿಗುವಂತೆ ನಿಂತಿದೆ. ನಡುವೆ ಲಂಗರು ಹಾಕಿದ ಸಿರಿವಂತರ ದೋಣಿಗಳು. ಸಾರ್ವಜನಿಕ ದೋಣಿ ಮಾತ್ರ ಇಲ್ಲ. ಅಲ್ಲಿಗೆ ಹೋಗಬೇಕಾದರೆ ಕಾನ್‌ಗೆ ಮರಳಿ, ಬೇರೆ ಟಿಕೆಟ್ ಕೊಂಡು, ಹೊಸದಾಗಿ ಹೊರಡಬೇಕು. ಇದಕ್ಕೊಂದು ಐತಿಹ್ಯವೂ ಇದೆ. ಒನೊರಾ ಎಂಬ ಸಂತನ ತಂಗಿ ಮಾರ್ಗರೀತ್ ಪಕ್ಕದ ದ್ವೀಪದಲ್ಲಿದ್ದಳಂತೆ. ಅಣ್ಣನನ್ನು ನೋಡದೆ ಕೊರಗುತ್ತಿದ್ದಳು. ಅವನೋ ಸನ್ಯಾಸಿ, ಚೆರಿ ಮರ ಹೂ ಬಿಟ್ಟಾಗ ವರ್ಷಕ್ಕೊಮ್ಮೆ ಬರುತ್ತೇನೆ ಎಂದ. ಅವಳು ಪ್ರಾರ್ಥಿಸಿದಳು, ಮರ ತಿಂಗಳಿಗೊಮ್ಮೆ ಹೂ ಬಿಡತೊಡಗಿತು, ಅಣ್ಣ ಮಾತಿಗೆ ಕಟ್ಟುಬಿದ್ದು ತಿಂಗಳು ತಿಂಗಳೂ ಬಂದ. ನಾನು ಆ ದಡದಲ್ಲಿ ನಿಂತಾಗ ಯಾವ ಮರವೂ ಹೂ ಬಿಡಲಿಲ್ಲ.

ಸಾಂತ್ ಒನೊರಾ ಖಾಸಗಿ ದ್ವೀಪ, ಮಠದ್ದು. ಕ್ರಿಸ್ತಶಕ 410ರ ಸುಮಾರಿಗೆ ಅಲ್ಲಿ ಮಠ ಸ್ಥಾಪನೆಯಾಯಿತು. ಈಗಿರುವ ಸಿಸ್ಟರ್ಸಿಯನ್ ಎಂಬ ಕ್ಯಾಥೊಲಿಕ್ ಪಂಥದ ಸನ್ಯಾಸಿಗಳು 1869ರಿಂದ ಇದ್ದಾರೆ. ಸುಮಾರು 8 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 20 ಎಕರೆ, ದ್ರಾಕ್ಷಿ ತೋಟ ಮಾಡಿ ತಾವೇ ವೈನ್ ತಯಾರಿಸುತ್ತಾರೆ. ಸಮುದ್ರಕ್ಕೆ ಚಾಚಿಕೊಂಡ ಹಳೆಯ ಮಠ ನೋಡಲು ಮಠದಂತಿಲ್ಲ, ಕೋಟೆಯಂತಿದೆ. ಕಡಲ್ಗಳ್ಳರ ಭಯಕ್ಕೆ ಕಟ್ಟಿದ್ದು. ತೋಳು ಮುಚ್ಚುವ ಬಟ್ಟೆ, ತಗ್ಗಿದ ದನಿ, ಇವೆರಡನ್ನು ಅವರು ನಿರೀಕ್ಷಿಸುತ್ತಾರೆ. 8 ವರ್ಷದ ಮಗುವನ್ನು ದಿನವಿಡೀ ತಗ್ಗಿದ ದನಿಯಲ್ಲಿ ಇಡುವ ಶಕ್ತಿ ನಿಮಗಿದ್ದರೆ ಹೋಗಿ.

ನೀರಿಗಿಳಿಯುವ ವಿಷಯ. ನಮ್ಮ ಕರಾವಳಿಯ ಕಣ್ಣಿಗೆ ಈ ಸಮುದ್ರ ಮೊದಲು ಕೆರೆಯಂತೆ ಕಾಣುತ್ತದೆ. ನನ್ನ ಅಮ್ಮ ದಡದಲ್ಲಿ ಕುಳಿತು, "ಇಳಿತ ಯಾವಾಗ?" ಎಂದು ಕೇಳಿದರು. ಇಲ್ಲಿ ಭರತ ಇಳಿತವೆಂದರೆ ಒಂದು ಗೇಣು, ಹೆಚ್ಚೆಂದರೆ ಎರಡು ಗೇಣು. ಬೆಳಿಗ್ಗೆ ಚಪ್ಪಲಿ ಬಿಟ್ಟ ಜಾಗದಲ್ಲೇ ಸಂಜೆಯೂ ಅದು ಇರುತ್ತದೆ. ದಡದಲ್ಲಿ ಕಂದು ಬಣ್ಣದ ಎಲೆಗಳ ರಾಶಿ ಕಂಡರೆ ಗಲೀಜೆಂದು ಮೂಗು ಮುರಿಯಬೇಡಿ. ಅದು ಪೊಸಿಡೋನಿಯ, ಪಾಚಿಯಲ್ಲ, ನೀರಿನಡಿಯಲ್ಲಿ ಹೂ ಬಿಡುವ ಹುಲ್ಲು. ಮೀನುಮರಿಗಳಿಗೆ ಅದೇ ತೊಟ್ಟಿಲು, ದಡ ಕೊರೆಯದಂತೆ ತಡೆಯುವುದೂ ಅದೇ ರಾಶಿ. ಫ್ರಾನ್ಸಿನಲ್ಲಿ ಅದಕ್ಕೆ ಕಾನೂನಿನ ರಕ್ಷಣೆಯಿದೆ. ಮರಳು ಹೆಚ್ಚಿಲ್ಲ, ಬಂಡೆ ಮತ್ತು ಗೊರಚು ಕಲ್ಲು. ಮಗಳಿಗೆ ನೀರಿನಲ್ಲಿ ಹಾಕುವ ರಬ್ಬರ್ ಶೂ ಕೊಳ್ಳಿ. ಕೆಲವು ದಿನ ನೇರಳೆ ಬಣ್ಣದ ಅಂಬಲಿ ಮೀನುಗಳು (ಜೆಲ್ಲಿಫಿಶ್) ದಡದ ಹತ್ತಿರ ಬರುತ್ತವೆ, ಮುಟ್ಟಿದರೆ ಸುಟ್ಟಂತೆ ಉರಿ. ನೀರಿನಲ್ಲಿ ಯಾರೂ ಇಲ್ಲದೆ ಎಲ್ಲರೂ ದಡದಲ್ಲಿ ನಿಂತಿದ್ದರೆ ಕಾರಣ ಅದೇ ಇರಬೇಕು, ಕೇಳಿ.

ಪೋರ್ಕೆರೋಲ್ ಚೆಲುವಿನಲ್ಲಿ ಇವೆರಡನ್ನೂ ಮೀರಿಸುತ್ತದೆ, ಸುಳ್ಳು ಹೇಳುವುದಿಲ್ಲ. ಬಿಳಿ ಮರಳಿದೆ, ಬಾಡಿಗೆ ಸೈಕಲ್ಲಿದೆ. ಆದರೆ ನೀಸ್‌ನಿಂದ ತೂಲೋನ್, ಅಲ್ಲಿಂದ ಇಯೇರ್, ಅಲ್ಲಿಂದ ಬಸ್ಸು, ಆಮೇಲೆ ದೋಣಿ: ಹೋಗುವುದಕ್ಕೇ ಮೂರು ಗಂಟೆಯ ಆಸುಪಾಸು ಬೇಕು. 2021ರಿಂದ ಬೇಸಿಗೆಯಲ್ಲಿ ದಿನಕ್ಕೆ 6,000 ಪ್ರವಾಸಿಗರ ಮಿತಿ ಹಾಕಿದ್ದಾರೆ. ಬಿರುಗಾಳಿ ಮತ್ತು ಒಣಹವೆಯ ದಿನಗಳಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಒಳದಾರಿಗಳನ್ನು ಮುಚ್ಚುವುದೂ ಉಂಟು. ಇನ್ನೊಂದು ಪ್ರವಾಸದಲ್ಲಿ ಇಯೇರ್‌ನಲ್ಲೇ ರಾತ್ರಿ ತಂಗಿ ಹೋಗಿ. ಪಕ್ಕದ ದ್ವೀಪ ಪೋರ್ ಕ್ರೋ ನಡೆಯುವವರಿಗೆ, ಅಲ್ಲಿ ಸೈಕಲ್ಲಿಗೂ ಪ್ರವೇಶವಿಲ್ಲ. ಆ ಗುಂಪಿನ ಮೂರನೆಯ ದ್ವೀಪ ಲೆವಾಂ. ಅದರ ಬಹುಪಾಲು ಸೈನ್ಯದ ಕೈಯಲ್ಲಿದೆ. ಉಳಿದ ಭಾಗದಲ್ಲಿರುವುದು 1931ರಲ್ಲಿ ಶುರುವಾದ ನಗ್ನ ಜೀವನದವರ ಹಳ್ಳಿ. ಏಜೆಂಟರ ಪಟ್ಟಿಯಲ್ಲಿ ಈ ಹೆಸರು ಕಂಡರೆ ಅಮ್ಮನನ್ನು ಹೋಟೆಲಿನಲ್ಲಿ ಬಿಡಿ.

ಮಾರ್ಸೇ ಎದುರಿನ ಇಫ್ ಕೋಟೆಯನ್ನು ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಎಲ್ಲರೂ ಅಲ್ಲಿಗೆ ಹೋಗುವುದು ಕಾದಂಬರಿಯೊಂದರ ಕಾಲ್ಪನಿಕ ಕೈದಿಗಾಗಿ. ನಾನು ಹೋಗಲು ಹೊರಟಿದ್ದು ಒಂದು ಘೇಂಡಾಮೃಗಕ್ಕಾಗಿ. ಗುಜರಾತಿನ ಸುಲ್ತಾನ ಮುಜಫರ್ ಷಾ ಪೋರ್ಚುಗೀಸರಿಗೆ ಉಡುಗೊರೆಯಾಗಿ ಕೊಟ್ಟ ಆ ಪ್ರಾಣಿ 1515ರ ಜನವರಿಯಲ್ಲಿ ಗೋವಾದಿಂದ ಹಡಗು ಹತ್ತಿ, ಮೇ ತಿಂಗಳಲ್ಲಿ ಲಿಸ್ಬನ್ ಸೇರಿತು. ಜರ್ಮನ್ ಕಲಾವಿದ ಡ್ಯೂರರ್ ಅದನ್ನು ಕಣ್ಣಿನಿಂದ ನೋಡದೆಯೇ ಪ್ರಸಿದ್ಧ ಚಿತ್ರವನ್ನು ಕೆತ್ತಿದ. ಪೋಪನಿಗೆ ಕಾಣಿಕೆಯಾಗಿ ರೋಮಿಗೆ ಒಯ್ಯುವಾಗ, 1516ರ ಆರಂಭದಲ್ಲಿ, ಮಾರ್ಸೇ ಎದುರಿನ ದ್ವೀಪದಲ್ಲಿ ಇಳಿಸಿದ್ದರು. ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸ್ವಾ ನೋಡಲು ಬಂದಿದ್ದ. ಮುಂದೆ ಇಟಲಿಯ ಕರಾವಳಿಯಲ್ಲಿ ಹಡಗು ಮುಳುಗಿ ಪ್ರಾಣಿ ಸತ್ತಿತು. ಪೋರ್ಚುಗೀಸರು ಅದನ್ನು 'ಗಂಡ' ಎಂದು ಕರೆಯುತ್ತಿದ್ದರು. ಹೆಸರು ಕೇಳಿ ನನ್ನ ಹೆಂಡತಿ ಮಾರ್ಸೇ ನಿಲ್ದಾಣದವರೆಗೂ ನಕ್ಕಿದ್ದಳು. ನಾವು ಬಂದರು ತಲುಪಿದಾಗ ಆಕಾಶ ನೀಲಿ, ಒಂದು ಮೋಡವಿಲ್ಲ, ದೋಣಿಯೂ ಇಲ್ಲ: ಮಿಸ್ತ್ರಾಲ್ ಗಾಳಿ. ಉತ್ತರದಿಂದ ಬೀಸುವ ಅದು ಬಂದಾಗ ಬಿಸಿಲು ಇನ್ನಷ್ಟು ಸ್ವಚ್ಛವಾಗಿರುತ್ತದೆ, ಇಫ್‌ನ ಬಂಡೆಗೆ ದೋಣಿ ಹಚ್ಚಲು ಮಾತ್ರ ಆಗುವುದಿಲ್ಲ. ಮಳೆಗಾಲದಲ್ಲಿ ಮಲ್ಪೆಯ ಸೇಂಟ್ ಮೇರೀಸ್‌ಗೆ ದೋಣಿ ನಿಲ್ಲುವುದು ನಮಗೆ ಅರ್ಥವಾಗುತ್ತದೆ, ಬಿರುಬಿಸಿಲಿನಲ್ಲಿ ನಿಲ್ಲುವುದು ಅರ್ಥವಾಗಲು ಒಂದು ದಿನ ಹಾಳಾಗಬೇಕು. ಕಾನ್ ಕಡೆ ಮಿಸ್ತ್ರಾಲಿನ ಪೆಟ್ಟು ಕಡಿಮೆ. ಆದರೂ ದ್ವೀಪದ ದಿನವನ್ನು ಐದನೆಯ ದಿನಕ್ಕೆ ಇಡಬೇಡಿ. ಎರಡನೆಯದಕ್ಕೆ ಇಡಿ, ಗಾಳಿ ಎದ್ದರೆ ಮುಂದಕ್ಕೆ ಹಾಕಲು ದಿನಗಳಿರುತ್ತವೆ.

ಎಲ್ಲಕ್ಕಿಂತ ದೊಡ್ಡ ಮೋಸ ಸೂರ್ಯನದು. ಜೂನ್ ಕೊನೆಯಲ್ಲಿ ಅಲ್ಲಿ ರಾತ್ರಿ 9 ಗಂಟೆಗೂ ಬೆಳಕಿರುತ್ತದೆ. ಹೊತ್ತು ಮುಳುಗುವುದನ್ನು ನೋಡಿ ಮನೆಗೆ ಹೊರಡುವ ನಮ್ಮ ಅಭ್ಯಾಸ ಅಲ್ಲಿ ಕೆಲಸಕ್ಕೆ ಬಾರದು, ಕೊನೆಯ ದೋಣಿ ಅದಕ್ಕಿಂತ ಎಷ್ಟೋ ಮೊದಲೇ ಹೊರಟುಹೋಗಿರುತ್ತದೆ. ನಾನು ಇನ್ನೂ ಹೊತ್ತಿದೆ ಎಂದು ಕಾಡಿನಲ್ಲಿ ಅಲೆದು ಧಕ್ಕೆಗೆ ಬಂದಾಗ ಕೊನೆಯ ದೋಣಿಯ ಹಿಂಬದಿ ಕಾಣುತ್ತಿತ್ತು. ಬಾಡಿಗೆ ದೋಣಿ ಕರೆಸಿ, ಟಿಕೆಟಿನ ಹಲವು ಪಟ್ಟು ತೆತ್ತು ದಡ ಸೇರಿದೆ. ಇಳಿದ ಕೂಡಲೇ ಧಕ್ಕೆಯ ಬೋರ್ಡಿನ ಫೋಟೋ ತೆಗೆದುಕೊಳ್ಳಿ, ಮತ್ತು ಕೊನೆಯದಕ್ಕಿಂತ ಒಂದು ಮುಂಚಿನ ದೋಣಿ ಹಿಡಿಯಿರಿ. ಕೊನೆಯದರಲ್ಲಿ ನೂಕುನುಗ್ಗಲು, ಅಮ್ಮನಿಗೆ ಕೂರಲು ಜಾಗ ಸಿಗಲಾರದು.

ಊಟ, ನೀರು ಎರಡನ್ನೂ ಕಾನ್‌ನಿಂದಲೇ ಒಯ್ಯಿರಿ. ತಲೆಗೆ ಒಂದೂವರೆ ಲೀಟರ್ ನೀರು ಕಡಿಮೆ ಲೆಕ್ಕ. ಸಸ್ಯಾಹಾರಿಗಳಾದರೆ ಅಂಗಡಿಯ ಪಾಂ ಬಾಞಾ ಎಂಬ ದುಂಡು ಬ್ರೆಡ್ಡಿನ ಬಗ್ಗೆ ಎಚ್ಚರ, ಮೇಲೆ ತರಕಾರಿ ಕಂಡರೂ ಒಳಗೆ ಮೀನಿರುತ್ತದೆ. ನೀರುಳ್ಳಿಯ ಪಿಸಲಾದಿಯೇರ್‌ನಲ್ಲೂ ಅಷ್ಟೇ. ಸಂಜೆ ನೀಸ್‌ಗೆ ಮರಳಿದ ಮೇಲೆ ಹಳೆಯ ಪೇಟೆಯಲ್ಲಿ ಸೋಕಾ ಕೇಳಿ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಇಷ್ಟನ್ನೇ ಕಲಸಿ ಅಗಲವಾದ ತಟ್ಟೆಯಲ್ಲಿ ಹೊಯ್ದು ಸೌದೆ ಒಲೆಯಲ್ಲಿ ಬೇಯಿಸಿ, ಮೇಲೆ ಕಾಳುಮೆಣಸು ಉದುರಿಸಿ ಕೊಡುತ್ತಾರೆ. ಬಿಸಿಯಿರುವಾಗಲೇ ತಿನ್ನಬೇಕು. ನನ್ನ ಅಮ್ಮ ಮೊದಲ ತುಂಡು ತಿಂದು, ದೋಸೆ ಚೆನ್ನಾಗಿದೆ, ಚಟ್ನಿ ಕೊಡಲು ಮರೆತಿದ್ದಾನೆ ಕೇಳು ಎಂದು ನನ್ನನ್ನು ಅಂಗಡಿಯವನ ಹತ್ತಿರ ವಾಪಸು ಕಳಿಸಿದ್ದರು.