ಆರ್‌ಎಸ್‌ಐ ಗೆಲ್ಲಿಸುತ್ತದೆ ಎನ್ನುವ ನನ್ನ 40 ವಹಿವಾಟುಗಳ ಪರೀಕ್ಷೆಯನ್ನು ನಂಬಬಹುದೇ?

ದಾವಣಗೆರೆಯಿಂದ ಬರೆದಿರುವ ನಿಮ್ಮ ಪ್ರಶ್ನೆಯ ಸಾರ ಇಷ್ಟು. ಆರ್‌ಎಸ್‌ಐ (ಕಳೆದ 14 ದಿನಗಳ ಏರಿಳಿತದಿಂದ ಲೆಕ್ಕ ಹಾಕುವ, 0ಯಿಂದ 100ರವರೆಗಿನ ಸೂಚಕ) 30ಕ್ಕಿಂತ ಕೆಳಗಿಳಿದ, ಎಂದರೆ ಅತಿಯಾಗಿ ಇಳಿದು ಮತ್ತೆ ಸರಾಸರಿಗೆ ಮರಳಬಹುದೆನ್ನುವ ಷೇರನ್ನು ಕೊಂಡು ಐದು ದಿನಗಳೊಳಗೆ ಮಾರುವ ವಿಧಾನವನ್ನು ಎರಡು ವರ್ಷಗಳ ಬೆಲೆಗಳ ಮೇಲೆ ಪರೀಕ್ಷಿಸಿದ್ದೀರಿ. 40 ವಹಿವಾಟುಗಳಲ್ಲಿ 28 ಲಾಭ, 12 ನಷ್ಟ. ಲಾಭವಾದಾಗ ಸರಾಸರಿ ಶೇ 1.2, ನಷ್ಟವಾದಾಗ ಸರಾಸರಿ ಶೇ 2.2. ಅದೇ ಅವಧಿಯಲ್ಲಿ 20 ಮತ್ತು 50 ದಿನಗಳ ಮೂವಿಂಗ್ ಆವರೇಜ್ ಕ್ರಾಸೋವರ್ (20 ದಿನಗಳ ಸರಾಸರಿ ಬೆಲೆ 50 ದಿನಗಳ ಸರಾಸರಿಯನ್ನು ದಾಟಿ ಮೇಲೇರಿದಾಗ ಕೊಳ್ಳುವ ವಿಧಾನ) ಮೂರಕ್ಕೆ ಒಂದು ಬಾರಿ ಮಾತ್ರ ಗೆದ್ದಿದ್ದರಿಂದ ಅದನ್ನು ಕೈಬಿಟ್ಟಿದ್ದೀರಿ. ಮೆಕ್ಕೆಜೋಳ ಮಾರಿ ಬಂದ ಹಣದಲ್ಲಿ ಎರಡು ಲಕ್ಷ ರೂಪಾಯಿಯನ್ನು ಮೊದಲ ವಿಧಾನಕ್ಕೆ ತೊಡಗಿಸಬಹುದೇ ಎಂದು ಕೇಳಿದ್ದೀರಿ. ಈ ಪರೀಕ್ಷೆಯನ್ನಷ್ಟೇ ನಂಬಿ ತೊಡಗಿಸಬೇಡಿ ಎಂಬುದು ನನ್ನ ಉತ್ತರ. ನಾನು ಚಿತ್ರದುರ್ಗದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಬೋಧಿಸುತ್ತೇನೆ. ಇಂಥದ್ದೇ ಪರೀಕ್ಷೆಯನ್ನು ಮಾಡಿ ಒಮ್ಮೆ ಕೈಸುಟ್ಟುಕೊಂಡವನೂ ಹೌದು.

ಮೊದಲು ನೀವು ಕೊಟ್ಟಿರುವ ಅಂಕಿಗಳನ್ನೇ ಕೂಡಿ ಕಳೆಯೋಣ. 28 ಗೆಲುವಿನಿಂದ ಒಟ್ಟು ಶೇ 33.6 ಬಂತು, 12 ಸೋಲಿನಿಂದ ಶೇ 26.4 ಹೋಯಿತು; ಉಳಿದ ಶೇ 7.2ನ್ನು 40ರಿಂದ ಭಾಗಿಸಿದರೆ ಪ್ರತಿ ವಹಿವಾಟಿಗೆ ಸಿಗುವುದು ಶೇ 0.18. ಷೇರನ್ನು ಒಂದು ದಿನದ ಆಚೆಗೂ ಇಟ್ಟುಕೊಳ್ಳುವ ಡೆಲಿವರಿ ವಹಿವಾಟಿನಲ್ಲಿ ಕೊಳ್ಳುವಾಗ ಶೇ 0.1 ಮತ್ತು ಮಾರುವಾಗ ಶೇ 0.1 ಷೇರು ವಹಿವಾಟು ತೆರಿಗೆ, ಅಂದರೆ ಎಸ್‌ಟಿಟಿ ಇದೆ, ಕೊಳ್ಳುವಾಗ ಶೇ 0.015 ಮುದ್ರಾಂಕ ಶುಲ್ಕವಿದೆ. ಎಂದರೆ 50,000 ರೂಪಾಯಿಯ ಒಂದು ವಹಿವಾಟಿನಲ್ಲಿ ನೀವು ಗಳಿಸುವುದು 90 ರೂಪಾಯಿ, ಈ ಎರಡು ಬಾಬ್ತಿಗೆ ತೆರುವುದು 107 ರೂಪಾಯಿ 50 ಪೈಸೆ. ಬ್ರೋಕರೇಜ್ ಸೊನ್ನೆ ಎಂದೇ ಇಟ್ಟುಕೊಂಡರೂ ಎಕ್ಸ್‌ಚೇಂಜ್ ಶುಲ್ಕ, ಜಿಎಸ್‌ಟಿ, ಮಾರಿದ ದಿನ ಡಿಮ್ಯಾಟ್ ಖಾತೆಯಿಂದ ಷೇರು ಹೊರಹೋಗುವುದಕ್ಕೆ ತೆರುವ ಡಿಪಿ ಶುಲ್ಕ ಇವೆಲ್ಲ ಬೇರೆ. ನೂರಕ್ಕೆ ಎಪ್ಪತ್ತು ಬಾರಿ ಗೆಲ್ಲುವ ನಿಮ್ಮ ವಿಧಾನ, ತೆರಿಗೆ ಕಳೆದ ಮೇಲೆ ನಷ್ಟದ ವಿಧಾನವೇ ಆಗಿದೆ.

ಎರಡನೆಯ ತೊಡಕು 40 ಎಂಬ ಸಂಖ್ಯೆಯದು. ನಿಮ್ಮ ಫಲಿತಾಂಶಗಳ ಮಾನಕ ವಿಚಲನೆಯನ್ನು (ಅವು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯನ್ನು) ನೀವು ತಿಳಿಸಿಲ್ಲ; ಶೇ 2 ಎಂದು ಇಟ್ಟುಕೊಂಡರೆ 40 ವಹಿವಾಟುಗಳ ಸರಾಸರಿಯಲ್ಲಿರುವ ಮಾನಕ ದೋಷ (ಆ ಸರಾಸರಿ ಆಕಸ್ಮಿಕವಾಗಿ ಎಷ್ಟು ಹೊಯ್ದಾಡಬಹುದು ಎಂಬ ಅಳತೆ) 2ನ್ನು 40ರ ವರ್ಗಮೂಲದಿಂದ ಭಾಗಿಸಿದಷ್ಟು, ಸುಮಾರು ಶೇ 0.32. ಹಾಗಾಗಿ ವಾಡಿಕೆಯಂತೆ ಅದರ ಸುಮಾರು ಎರಡು ಪಟ್ಟನ್ನು ಆಚೀಚೆ ಬಿಟ್ಟರೆ ನಿಜವಾದ ಸರಾಸರಿ ಶೇ 0.45 ನಷ್ಟದಿಂದ ಹಿಡಿದು ಶೇ 0.81 ಲಾಭದವರೆಗೆ ಎಲ್ಲಿ ಬೇಕಾದರೂ ಇರಬಹುದು. ಶೇ 0.18 ಎಂಬುದು ಸೊನ್ನೆಗಿಂತ ಹೆಚ್ಚು ಎಂದು ಸಾಮಾನ್ಯ ಖಾತರಿಯಿಂದ ಹೇಳಬೇಕಾದರೂ ಇದೇ ಲೆಕ್ಕದಲ್ಲಿ 500ರಷ್ಟು ವಹಿವಾಟುಗಳು ಬೇಕು, ಅವೂ ಒಂದಕ್ಕೊಂದು ಸಂಬಂಧವಿಲ್ಲದವಾಗಿರಬೇಕು. 2024ರ ಜೂನ್ 4ರಂದು, ಚುನಾವಣಾ ಫಲಿತಾಂಶದ ದಿನ, 50 ದೊಡ್ಡ ಕಂಪನಿಗಳ ಷೇರುಗಳ ಸೂಚ್ಯಂಕವಾದ ನಿಫ್ಟಿ ಶೇ 5.9ರಷ್ಟು ಕುಸಿಯಿತು. ಅಂಥ ದಿನ ನಿಮ್ಮ ಪಟ್ಟಿಯ ಹತ್ತು ಷೇರುಗಳು ಒಟ್ಟಿಗೆ ಕೊಳ್ಳುವ ಸೂಚನೆ ಕೊಟ್ಟರೆ ಹಾಳೆಯ ಮೇಲೆ ಅವು ಹತ್ತು ವಹಿವಾಟುಗಳು, ಅಸಲಿನಲ್ಲಿ ಒಂದೇ ಪಂದ್ಯ. ನಿಮ್ಮ 40ರಲ್ಲಿ ಬೇರೆ ಬೇರೆ ವಾರಗಳಿಗೆ ಸೇರಿದವು ಎಷ್ಟಿವೆ ಎಂದು ದಯವಿಟ್ಟು ಎಣಿಸಿ ನೋಡಿ.

ನಾನು ಎಡವಿದ ಜಾಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನೀವೂ ಅಲ್ಲೇ ಎಡವಿರುವ ಸಾಧ್ಯತೆ ಹೆಚ್ಚು. ಆರ್‌ಎಸ್‌ಐಯನ್ನು ದಿನದ ಮುಕ್ತಾಯ ಬೆಲೆಯಿಂದ ಲೆಕ್ಕ ಹಾಕುತ್ತೇವೆ. ನನ್ನ ಎಕ್ಸೆಲ್ ಹಾಳೆಯಲ್ಲಿ ಸೂಚನೆ ಬಂದ ಸಾಲಿನ ಮುಕ್ತಾಯ ಬೆಲೆಯನ್ನೇ ಖರೀದಿ ಬೆಲೆಯಾಗಿ ಹಾಕಿದ್ದೆ. ಆದರೆ ಮಧ್ಯಾಹ್ನ 3.30ಕ್ಕೆ ಪೇಟೆ ಮುಚ್ಚಿದ ಮೇಲೆ ತಿಳಿಯುವ ಸಂಖ್ಯೆಯನ್ನು ನೋಡಿ, 3.30ರ ಬೆಲೆಗೇ ಕೊಳ್ಳಲು ಸಾಮಾನ್ಯವಾಗಿ ಆಗುವುದಿಲ್ಲ. ಕೈಗೆ ಸಿಗುವುದು ಮರುದಿನ ಬೆಳಿಗ್ಗೆ 9.15ರ ಬೆಲೆ. ವಿಪರೀತ ಕುಸಿದ ಷೇರು ಮರುಬೆಳಿಗ್ಗೆ ಮೇಲಕ್ಕೇ ತೆರೆದುಕೊಳ್ಳುವುದುಂಟು, ಮತ್ತು ಸರಾಸರಿಗೆ ಮರಳುವ ಲಾಭದ ದೊಡ್ಡ ಪಾಲು ಆ ಒಂದು ರಾತ್ರಿಯಲ್ಲೇ ಮುಗಿದುಹೋಗಿರುತ್ತದೆ. ಐದು ತಿಂಗಳು ನಿಜವಾದ ಹಣ ಹಾಕಿ ಕಳೆದುಕೊಂಡ ಮೇಲೆ, ಸೂತ್ರದಲ್ಲಿ ಒಂದು ಸಾಲು ಕೆಳಗಿಳಿಸಿ ಮರುದಿನದ ಆರಂಭಿಕ ಬೆಲೆಯನ್ನು ಹಾಕಿದೆ. ಅಷ್ಟು ಚೆಂದವಾಗಿ ಏರಿದ್ದ ಲಾಭದ ಗೆರೆ ನೆಲಕ್ಕೆ ಮಲಗಿತು. ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುವವನು ಮಾಡಬಾರದ ತಪ್ಪು ಅದು.

ಷೇರುಗಳ ಪಟ್ಟಿಯನ್ನೂ ಪರಿಶೀಲಿಸಿ. ಇಂದಿನ ನಿಫ್ಟಿ 50 ಪಟ್ಟಿಯನ್ನು ತೆಗೆದುಕೊಂಡು ಹಿಂದಿನ ವರ್ಷಗಳ ಮೇಲೆ ಪರೀಕ್ಷಿಸಿದರೆ, ಬಿದ್ದು ಎದ್ದವರನ್ನು ಮಾತ್ರ ಪರೀಕ್ಷಿಸಿದಂತೆ; ಬಿದ್ದು ಏಳದವರು ಆ ಪಟ್ಟಿಯಲ್ಲೇ ಇಲ್ಲ. ಯೆಸ್ ಬ್ಯಾಂಕ್ ಷೇರು 2018ರ ಆಗಸ್ಟ್‌ನಲ್ಲಿ 400 ರೂಪಾಯಿಯ ಆಸುಪಾಸಿನಲ್ಲಿತ್ತು, ಆಗ ಅದು ನಿಫ್ಟಿ 50ರ ಸದಸ್ಯ. 2020ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಹಣ ಹಿಂಪಡೆಯುವುದಕ್ಕೆ ಮಿತಿ ಹೇರಿದ ಮರುದಿನ ಅದು 10 ರೂಪಾಯಿಗಿಂತಲೂ ಕೆಳಗೆ ಮಾರಾಟವಾಯಿತು, ಅದೇ ತಿಂಗಳು ಸೂಚ್ಯಂಕದಿಂದಲೂ ಹೊರಬಿತ್ತು. ಆ ದಾರಿಯುದ್ದಕ್ಕೂ ‘ಅತಿಯಾಗಿ ಇಳಿದಿದೆ’ ಎಂದು ಕೊಳ್ಳುತ್ತ ಬಂದವರ ಸೋಲು ನಿಮ್ಮ ಹಾಳೆಯಲ್ಲಿ ದಾಖಲಾಗದಿದ್ದರೆ, ಶೇ 2.2 ಎಂಬ ನಿಮ್ಮ ಸರಾಸರಿ ನಷ್ಟ ಬಹಳ ಸೌಮ್ಯವಾದ ಸಂಖ್ಯೆ. ಷೇರುಗಳ ಸಂಖ್ಯೆ ಹೆಚ್ಚಿ ಪ್ರತಿ ಷೇರಿನ ಬೆಲೆ ಅದೇ ಪ್ರಮಾಣದಲ್ಲಿ ಇಳಿಯುವ ಬೋನಸ್ ಮತ್ತು ಸ್ಪ್ಲಿಟ್‌ಗೆ ಬೆಲೆಗಳನ್ನು ಹೊಂದಿಸಿದ್ದೀರಾ ಎಂಬುದನ್ನೂ ನೋಡಿ. 2024ರ ಅಕ್ಟೋಬರ್ ಕೊನೆಯಲ್ಲಿ ರಿಲಯನ್ಸ್ ಒಂದಕ್ಕೊಂದು ಬೋನಸ್ ಕೊಟ್ಟಾಗ, ಹೊಂದಿಸದ ಬೆಲೆಪಟ್ಟಿಯಲ್ಲಿ ಅದು ಒಂದೇ ದಿನ ಅರ್ಧಕ್ಕರ್ಧ ಕುಸಿದಂತೆ ಕಾಣಿಸುತ್ತದೆ.

ಇಷ್ಟನ್ನು ಸರಿಪಡಿಸಿದ ಮೇಲೂ ಲಾಭ ಉಳಿದರೆ ಆಗ ನಾನು ಅತ್ಯಂತ ಹೆಚ್ಚು ನಂಬುವ ಪರೀಕ್ಷೆಯೊಂದಿದೆ: ಚೀಟಿ ಎತ್ತುವುದು. ಅದೇ ಷೇರುಗಳು, ಅದೇ ಎರಡು ವರ್ಷ, ಅದೇ ಐದು ದಿನ. ಕೊಳ್ಳುವ ದಿನವನ್ನು ಮಾತ್ರ ಆರ್‌ಎಸ್‌ಐ ನೋಡದೆ ಕಂಪ್ಯೂಟರಿನಿಂದ ಯದ್ವಾತದ್ವಾ ಆರಿಸಿಕೊಳ್ಳಿ. ಹೀಗೆ 40 ವಹಿವಾಟುಗಳ ಗುಂಪುಗಳನ್ನು ಸಾವಿರ ಸಲ ಮಾಡಿ, ನಿಮ್ಮ ಫಲಿತಾಂಶ ಆ ಸಾವಿರದಲ್ಲಿ ಎಷ್ಟನೆಯ ಸ್ಥಾನದಲ್ಲಿದೆ ಎಂದು ನೋಡಿ. ಏರುವ ಪೇಟೆಯಲ್ಲಿ ಕಣ್ಣು ಮುಚ್ಚಿ ಕೊಂಡವನೂ ಗೆಲ್ಲುತ್ತಾನೆ. ಚೀಟಿ ಎತ್ತಿದವನು ಇನ್ನೂರು ಸಲ ನಿಮ್ಮನ್ನು ಮೀರಿಸಿದರೆ ನಿಮ್ಮ ಲಾಭ ಸೂಚಕದ್ದಲ್ಲ, ಪೇಟೆಯದು. ಇದರ ಜೊತೆಗೆ 30ರ ಬದಲು 27 ಅಥವಾ 33, 14 ದಿನದ ಬದಲು 12 ಅಥವಾ 16 ಎಂದು ಬದಲಿಸಿ ನೋಡಿ. ನೆರೆಯ ಸಂಖ್ಯೆಗಳಲ್ಲಿ ಲಾಭ ಮಾಯವಾದರೆ ಅದು ಆಕಸ್ಮಿಕ ಎಂದೇ ತಿಳಿಯಬೇಕು. ಆದರೆ ಹೀಗೆ ಬದಲಿಸಿ ನೋಡಿದವುಗಳಲ್ಲಿ ಚೆನ್ನಾಗಿ ಬಂದದ್ದನ್ನು ಆರಿಸಿಕೊಳ್ಳಬೇಡಿ; ಏನೂ ಹುರುಳಿಲ್ಲದ ನೂರು ಸೂತ್ರಗಳನ್ನು ಪರೀಕ್ಷಿಸಿದರೆ ಸರಾಸರಿ ಐದು ಸೂತ್ರಗಳು ಆಕಸ್ಮಿಕವಾಗಿಯೇ ಶೇ 5ರ ಮಟ್ಟದಲ್ಲಿ ತೇರ್ಗಡೆಯಾಗುವುದು ಗಣಿತದ ನಿಯಮ.

ಬೆಲೆ ಸರಾಸರಿಗೆ ಏಕೆ ಮರಳಬೇಕು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳಿಕೊಳ್ಳುವುದಿಲ್ಲ. ಚಳ್ಳಕೆರೆ ಕಡೆಯ ಈರುಳ್ಳಿಗೆ ಕಾರಣವಿದೆ: ಬೆಲೆ ಏರಿದ ವರ್ಷ ಎಲ್ಲರೂ ಬಿತ್ತುತ್ತಾರೆ, ಮುಂದಿನ ಫಸಲಿಗೆ ಬೆಲೆ ಇಳಿಯುತ್ತದೆ. ಷೇರಿನಲ್ಲಿ ಹಾಗೆ ಬಿತ್ತನೆ ಇಲ್ಲ. ಅಲ್ಪಾವಧಿಯಲ್ಲಿ ಬೆಲೆ ಹಿಂದಿರುಗುವುದಾದರೆ ಅದಕ್ಕೆ ಮುಖ್ಯ ಕಾರಣ, ತುರ್ತಾಗಿ ಮಾರಬೇಕಾದವನಿಂದ ಕೊಂಡವನಿಗೆ ಸಿಗುವ ಕೂಲಿ; ಮಾರಿದವನಿಗೆ ತುರ್ತಲ್ಲ, ನಿಮಗಿಂತ ಮೊದಲೇ ಕೆಟ್ಟ ಸುದ್ದಿ ತಿಳಿದಿತ್ತು ಎಂದಾದರೆ ಬೆಲೆ ಮರಳುವುದಿಲ್ಲ. 1978ರಲ್ಲಿ ವೆಲ್ಸ್ ವೈಲ್ಡರ್ ಪರಿಚಯಿಸಿದ ಆರ್‌ಎಸ್‌ಐ ಕಳೆದ 14 ದಿನಗಳ ಏರಿಕೆ ಮತ್ತು ಇಳಿಕೆಗಳ ಸರಾಸರಿಯನ್ನಷ್ಟೇ ಹೋಲಿಸುತ್ತದೆ. ಈ ಎರಡು ಬಗೆಯ ಇಳಿತಗಳನ್ನು ಬೇರ್ಪಡಿಸುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ಫಲಿತಾಂಶ ಪ್ರಕಟಣೆಯ ದಿನ ಬಿದ್ದವುಗಳನ್ನೂ ಸುದ್ದಿಯಿಲ್ಲದೆ ಬಿದ್ದವುಗಳನ್ನೂ ಬೇರೆ ಬೇರೆ ಪಟ್ಟಿ ಮಾಡಿ ಪರೀಕ್ಷಿಸುವುದು ಒಳ್ಳೆಯದು. ಇನ್ನು ಸರಾಸರಿಯೇ ಜಾಗ ಬದಲಿಸುವುದೂ ಉಂಟು. ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ; ನಡುವೆ ಭದ್ರಾ ಮೇಲ್ದಂಡೆ ಯೋಜನೆಯ ನೀರು ಬರತೊಡಗಿತ್ತು. ಆ ನೀರು ಬರುವ ಮೊದಲಿನ ದಶಕಗಳ ಮಟ್ಟವನ್ನು ಸರಾಸರಿ ಮಾಡಿ ಇಂದಿನ ಅಣೆಕಟ್ಟೆಯ ಬಗ್ಗೆ ಭವಿಷ್ಯ ಹೇಳಹೊರಟರೆ ಹಿರಿಯೂರಿನ ಯಾವ ರೈತನೂ ಒಪ್ಪಲಾರ.

ಈಗ ನೀವು ಕೈಬಿಟ್ಟ ಕ್ರಾಸೋವರ್ ವಿಷಯ. ಅದನ್ನು ಗೆಲುವಿನ ಪ್ರಮಾಣದಿಂದ ಅಳೆದದ್ದೇ ಸರಿಯಲ್ಲ. ಟ್ರೆಂಡ್ (ಬೆಲೆ ಒಂದೇ ದಿಕ್ಕಿನಲ್ಲಿ ದೀರ್ಘಕಾಲ ಸಾಗುವುದು) ಹಿಡಿಯುವ ಸೂಚಕಗಳ ಸ್ವಭಾವವೇ ಪದೇ ಪದೇ ಸಣ್ಣದಾಗಿ ಸೋತು ಅಪರೂಪಕ್ಕೆ ದೊಡ್ಡದಾಗಿ ಗೆಲ್ಲುವುದು: ಮೂರರಲ್ಲಿ ಒಂದು ಬಾರಿ ಶೇ 7 ಬಂದು ಎರಡು ಬಾರಿ ಶೇ 2.5 ಹೋದರೆ ಪ್ರತಿ ವಹಿವಾಟಿಗೆ ಶೇ 0.67 ಉಳಿಯುತ್ತದೆ, ಅದು ನಿಮ್ಮ ಆರ್‌ಎಸ್‌ಐ ಗಳಿಕೆಯ ಮೂರು ಪಟ್ಟಿಗಿಂತ ಹೆಚ್ಚು. ಆದರೆ ಆ ಲಾಭವೆಲ್ಲ ಎರಡು ಮೂರು ವಹಿವಾಟುಗಳಿಂದಲೇ ಬಂದಿರಬಹುದಾದ್ದರಿಂದ ಅತಿ ದೊಡ್ಡ ಮೂರು ಗೆಲುವುಗಳನ್ನು ತೆಗೆದುಹಾಕಿ ಉಳಿದದ್ದನ್ನು ನೋಡಬೇಕು. ಆರ್‌ಎಸ್‌ಐ ಪರೀಕ್ಷೆಗೆ ಇದರ ವಿರುದ್ಧವನ್ನು ಮಾಡಬೇಕು: ಅಲ್ಲಿ ಇನ್ನೂ ಮೂರು ದೊಡ್ಡ ಸೋಲುಗಳನ್ನು ಸೇರಿಸಿ ನೋಡಬೇಕು. ಇವೆರಡೂ ಒಂದಕ್ಕೊಂದು ವಿರೋಧವೂ ಅಲ್ಲ. ಅಮೆರಿಕದ ಷೇರುಗಳನ್ನು ಅಧ್ಯಯನ ಮಾಡಿದ ನರಸಿಂಹನ್ ಜಗದೀಶ್ 1990ರಲ್ಲಿ ಒಂದು ತಿಂಗಳ ಅವಧಿಯಲ್ಲಿ ಬೆಲೆಗಳು ಹಿಂದಿರುಗುವುದನ್ನು ತೋರಿಸಿದರು. ಅವರೇ 1993ರಲ್ಲಿ ಶೆರಿಡನ್ ಟಿಟ್‌ಮನ್ ಜೊತೆಗೂಡಿ ಮೂರರಿಂದ ಹನ್ನೆರಡು ತಿಂಗಳ ಅವಧಿಯಲ್ಲಿ ಏರಿದವು ಏರುತ್ತಲೇ ಹೋಗುವುದನ್ನು ತೋರಿಸಿದರು. 20 ಮತ್ತು 50 ದಿನಗಳ ಕ್ರಾಸೋವರನ್ನು ಐದು ದಿನಕ್ಕೆ ಮಾರಿದರೆ ಟ್ರೆಂಡ್ ಪರೀಕ್ಷೆಯೇ ಆಗುವುದಿಲ್ಲ. ಬೆಲೆ 200 ದಿನಗಳ ಸರಾಸರಿಗಿಂತ ಮೇಲಿದ್ದಾಗ ಮಾತ್ರ ಆರ್‌ಎಸ್‌ಐ ಸೂಚನೆಯನ್ನು ಪಾಲಿಸುವ ಜೋಡಣೆ ನನಗೆ ಹಿಡಿಸಿದೆ, ಏಕೆಂದರೆ ಯೆಸ್ ಬ್ಯಾಂಕ್‌ನಂಥ ದೀರ್ಘ ಕುಸಿತದಿಂದ ಅದು ಬಹುಮಟ್ಟಿಗೆ ದೂರವಿಡುತ್ತದೆ. ಆದರೆ ವಹಿವಾಟುಗಳ ಸಂಖ್ಯೆ ಇನ್ನಷ್ಟು ಇಳಿಯುವುದರಿಂದ ಎರಡು ವರ್ಷಗಳ ಬೆಲೆಗಳು ಏನೇನೂ ಸಾಲವು. ಹತ್ತು ಹನ್ನೆರಡು ವರ್ಷ ತೆಗೆದುಕೊಳ್ಳಿ, ಕೊನೆಯ ಮೂರು ವರ್ಷಗಳನ್ನು ಮುಟ್ಟದೆ ಇಟ್ಟುಕೊಂಡು ಎಲ್ಲ ತೀರ್ಮಾನವಾದ ಮೇಲೆ ಒಂದೇ ಒಂದು ಸಲ ತೆರೆದು ನೋಡಿ.

ಕೈಯಲ್ಲಿಲ್ಲದ ಷೇರನ್ನು ಏರಿದಾಗ ಮಾರಿ ಇಳಿದಾಗ ಕೊಳ್ಳುವ ಇನ್ನೊಂದು ದಿಕ್ಕನ್ನು ನಗದು ವಿಭಾಗದಲ್ಲಿ ಒಂದು ದಿನದ ಆಚೆಗೆ ಒಯ್ಯಲು ಸಾಮಾನ್ಯವಾಗಿ ಆಗುವುದಿಲ್ಲ, ಮುಂದಿನ ದಿನಾಂಕದ ಬೆಲೆಯ ಮೇಲಿನ ಒಪ್ಪಂದಗಳಾದ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಹೋಗಬೇಕಾಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ ವ್ಯವಹರಿಸಿದ ವೈಯಕ್ತಿಕ ವ್ಯಾಪಾರಿಗಳಲ್ಲಿ ಶೇ 93ರಷ್ಟು ಮಂದಿ ಮೂರು ಹಣಕಾಸು ವರ್ಷಗಳಲ್ಲಿ ಹಣ ಕಳೆದುಕೊಂಡಿದ್ದರು. ಮೆಕ್ಕೆಜೋಳದ ಹಣವನ್ನು ಅತ್ತ ಒಯ್ಯಬೇಡಿ.

ತಿದ್ದಿದ ಪರೀಕ್ಷೆ ಉತ್ತಮವಾಗಿ ಬಂದರೆ ಮೂರು ತಿಂಗಳು ಸೂಚನೆ ಬಂದಾಗಲೆಲ್ಲ ಒಂದೊಂದೇ ಷೇರು ಕೊಂಡು ಮಾರಿ. ಡಿಪಿ ಶುಲ್ಕದಿಂದಾಗಿ ಪ್ರತಿ ಬಾರಿಯೂ ಕೈಯಿಂದ ಸ್ವಲ್ಪ ಹೋಗುತ್ತದೆ, ಹೋಗಲಿ. ಹಾಳೆಯಲ್ಲಿದ್ದ ಬೆಲೆ ಎಷ್ಟು, ನಿಮಗೆ ನಿಜವಾಗಿ ಸಿಕ್ಕ ಬೆಲೆ ಎಷ್ಟು ಎಂದು ಎರಡು ಕಾಲಂಗಳಲ್ಲಿ ಬರೆದಿಡಿ. ಆ ಎರಡರ ನಡುವಿನ ಸರಾಸರಿ ಅಂತರವನ್ನು ಪರೀಕ್ಷೆಯ ಪ್ರತಿ ವಹಿವಾಟಿನಿಂದ ಕಳೆದು, ಎರಡು ಲಕ್ಷದ ಪ್ರಶ್ನೆಯನ್ನು ಆಗ ಮತ್ತೆ ಕೇಳಿ. ಆ ಹಾಳೆಯನ್ನೂ ಜೊತೆಗೆ ಹಾಕಿದರೆ ನಾನು ಸಾಲು ಸಾಲಾಗಿ ನೋಡಿ ಉತ್ತರಿಸುತ್ತೇನೆ.