ಡಿಸ್ಕ್ ಬ್ರೇಕಿನ ರೋಡ್ ಬೈಕನ್ನು ಬಳ್ಳಾರಿಯಿಂದ ವಿಮಾನದಲ್ಲಿ ಒಯ್ಯೋಕೆ ಹೇಗೆ ಬಿಚ್ಚಿ ಪ್ಯಾಕ್ ಮಾಡಬೇಕು?

ಬಳ್ಳಾರಿಯಿಂದ ಬೆಂಗಳೂರಿಗೆ ಬಸ್ಸು, ಅಲ್ಲಿಂದ ದೆಹಲಿಗೆ ವಿಮಾನ, ಹಾರ್ಡ್ ಕೇಸ್ ಕೊಳ್ಳದೆ ರಟ್ಟಿನ ಬಾಕ್ಸಲ್ಲೇ ಆಗುತ್ತಾ ಅಂತ ಕೇಳಿದ್ದೀರಿ. ಧಾರಾಳವಾಗಿ ಆಗುತ್ತೆ. ಬಾಕ್ಸಿನ ಮೇಲೆ ಎಷ್ಟು ದೊಡ್ಡ ಬಾಣ ಬರೆದರೂ ಅದನ್ನು ಅಡ್ಡ ಮಲಗಿಸ್ತಾರೆ, ಮೇಲೆ ಸೂಟ್‌ಕೇಸ್ ಬೀಳುತ್ತೆ ಅಂತ ಮೊದಲೇ ಅಂದುಕೊಂಡು ಪ್ಯಾಕ್ ಮಾಡಿ. ಒಳಗೆ ಏನೂ ಅಲ್ಲಾಡಬಾರದು, ಲೋಹಕ್ಕೆ ಲೋಹ ತಾಗಬಾರದು.

ಸೈಕಲ್ ಅಂಗಡಿಗಳಿಗೆ ಹೊಸ ಗೇರ್ ಸೈಕಲ್ ಬರೋದು ಸುಮಾರು 140 × 80 × 20 ಸೆಂ.ಮೀ. ಬಾಕ್ಸಿನಲ್ಲಿ. ಗುಜರಿಗೆ ಹೋಗೋ ಮೊದಲು ಒಂದು ಎತ್ತಿಡಿ ಅಂತ ಹೇಳಿಟ್ಟಿರಿ. ಮುಂದಿನ ಚಕ್ರ ಹಿಡಿಯೋ ಫೋರ್ಕಿನ ಕಾಲುಗಳ ನಡುವೆ ಸಿಕ್ಕಿಸಿ ಬರೋ ಪ್ಲಾಸ್ಟಿಕ್ ಸ್ಪೇಸರನ್ನೂ ಕೇಳಿ, ಅವರಿಗೆ ಅದು ಕಸ.

ಬಿಚ್ಚೋ ಮೊದಲು ಬೈಕ್ ತೊಳೆದು ಪೂರ್ತಿ ಒಣಗಿಸಿ. ಸಂಡೂರು, ತೋರಣಗಲ್ಲು ಕಡೆ ಓಡಿಸಿದ ಬೈಕಿನ ಮೈಗೆ ಅದಿರಿನ ಕೆಂಪು ಧೂಳು ಅಂಟಿರುತ್ತೆ. ಅದರ ಮೇಲೇ ಫೋಮ್ ಸುತ್ತಿದರೆ ದಾರಿಯುದ್ದಕ್ಕೂ ಆ ಧೂಳು ಮರಳುಕಾಗದದ ಹಾಗೆ ಬಣ್ಣ ಉಜ್ಜುತ್ತೆ.

ಮೊದಲು ಪೆಡಲ್, ಬೈಕ್ ಇನ್ನೂ ಚಕ್ರದ ಮೇಲೆ ನಿಂತಿರುವಾಗಲೇ. 15 ಮಿ.ಮೀ. ಪಾನಾ ಅಥವಾ 8 ಮಿ.ಮೀ. ಅಲೆನ್ ಕೀ ಬೇಕು. ಎಡ ಪೆಡಲಿನ ತಿರುಪಿನ ಮರೆ (ಥ್ರೆಡ್) ಉಲ್ಟಾ. ಪಾನಾ ಮೇಲ್ಮುಖವಾಗಿಟ್ಟು ಹಿಂದಿನ ಚಕ್ರದ ಕಡೆ ಎಳೆದರೆ ಎರಡೂ ಸಡಿಲಾಗುತ್ತೆ ಅಂತ ನೆನಪಿಟ್ಟುಕೊಂಡರೆ ಸಾಕು. ಚೈನ್ ದೊಡ್ಡ ಚೈನ್‌ರಿಂಗ್ ಮೇಲಿರಲಿ. ಇಲ್ಲದಿದ್ದರೆ ಕೈ ಜಾರಿದಾಗ ಹಲ್ಲು ಕೊಯ್ಯುತ್ತೆ. ಸೀಟ್‌ಪೋಸ್ಟ್ ತೆಗೆಯೋ ಮೊದಲು ಅದು ಫ್ರೇಮಿನೊಳಗೆ ಇಳಿಯೋ ಜಾಗಕ್ಕೆ ಸರಿಯಾಗಿ ಇನ್ಸುಲೇಷನ್ ಟೇಪ್ ಸುತ್ತಿ, ಎತ್ತರ ತಪ್ಪೋದಿಲ್ಲ.

ಹೆಚ್ಚು ಹಾಳಾಗೋದು ಹ್ಯಾಂಗರ್, ಅಂದರೆ ಚೈನನ್ನು ಗೇರಿನಿಂದ ಗೇರಿಗೆ ದಾಟಿಸೋ ಹಿಂದಿನ ಡಿರೇಲರನ್ನು ಫ್ರೇಮಿಗೆ ಹಿಡಿದಿಡೋ ಚಿಕ್ಕ ತುಂಡು. ಡಿರೇಲರಿಗೆ ಪೆಟ್ಟು ಬಿದ್ದಾಗ ಫ್ರೇಮ್ ಉಳಿಸೋಕೆ ತಾನು ಬಾಗಲಿ ಅಂತಲೇ ಅದನ್ನು ಮೆತ್ತಗಿನ ಅಲ್ಯೂಮಿನಿಯಂನಲ್ಲಿ ಮಾಡಿರ್ತಾರೆ. ಅಡ್ಡ ಮಲಗಿದ ಬಾಕ್ಸಿಗೆ ಬಲಗಡೆಯಿಂದ ಭಾರ ಬಿದ್ದರೆ ಮೊದಲು ಬಾಗೋದು ಅದೇ. ಆಮೇಲೆ ಗೇರ್ ಎಷ್ಟು ಟ್ಯೂನ್ ಮಾಡಿದರೂ ಕೂರೋದಿಲ್ಲ. ಅದಕ್ಕೇ ಹಿಂದಿನ ಚಕ್ರ ತೆಗೆದ ಮೇಲೆ 5 ಮಿ.ಮೀ. ಅಲೆನ್‌ನಿಂದ ಡಿರೇಲರನ್ನೇ ಕಳಚಿ. ಕೇಬಲ್, ಚೈನ್ ಎರಡನ್ನೂ ಬಿಚ್ಚಬೇಕಿಲ್ಲ. ಬಬಲ್ ರ‍್ಯಾಪ್ ಸುತ್ತಿ ಚೈನ್‌ಸ್ಟೇಯ (ಪೆಡಲಿನ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗೋ ಫ್ರೇಮಿನ ಕೊಳವೆ) ಒಳಮಗ್ಗುಲಿಗೆ ಝಿಪ್ ಟೈ ಬಿಗಿಯಿರಿ. ವೈರ್‌ಲೆಸ್ ಗೇರ್ ಆದರೆ ಬ್ಯಾಟರಿ ತೆಗೆದು ಕೈಚೀಲಕ್ಕೆ ಹಾಕಿ. ಹ್ಯಾಂಗರ್ ಫ್ರೇಮಿನಿಂದ ಫ್ರೇಮಿಗೆ ಬೇರೆ, ಹೋದ ಊರಲ್ಲಿ ಸಿಗುತ್ತೆ ಅಂತ ನಂಬಬೇಡಿ, ಸ್ಪೇರ್ ಒಂದು ಈಗಲೇ ತರಿಸಿಟ್ಟುಕೊಳ್ಳಿ.

ಎರಡನೇ ನಾಜೂಕಿನ ಭಾಗ ರೋಟರ್, ಅಂದರೆ ಚಕ್ರದ ಜೊತೆ ತಿರುಗೋ ಬ್ರೇಕಿನ ಡಿಸ್ಕ್. ಕೂದಲೆಳೆಯಷ್ಟು ಬಾಗಿದರೂ ಪ್ಯಾಡಿಗೆ ಉಜ್ಜುತ್ತೆ. ಆರು ಬೋಲ್ಟಿನದಾದರೆ ಟಿ25 (ನಕ್ಷತ್ರದ ತುದಿಯ ಕೀ), ಸೆಂಟರ್‌ಲಾಕ್ ಆದರೆ ಲಾಕ್‌ರಿಂಗ್ ಟೂಲ್. ಕಳಚಿ, ಎಣ್ಣೆ ಕೈ ತಾಗಿಸದೆ, ಶುಭ್ರವಾದ ಕವರಿನಲ್ಲಿ ಎರಡು ಗಟ್ಟಿ ರಟ್ಟಿನ ನಡುವೆ ಇಡಿ. ಚಕ್ರ ತೆಗೆದ ಕೂಡಲೇ ಬ್ರೇಕ್ ಪ್ಯಾಡುಗಳಿರೋ ಕ್ಯಾಲಿಪರಿನೊಳಗೆ ಪ್ಯಾಡ್ ಸ್ಪೇಸರ್ ಸಿಕ್ಕಿಸಿ. ಸ್ಪೇಸರ್ ಇಲ್ಲದಿದ್ದರೆ ಮಡಚಿದ ಚೊಕ್ಕ ರಟ್ಟೂ ಆದೀತು. ರೋಟರ್ ಇಲ್ಲದಾಗ ಬ್ರೇಕ್ ಲಿವರ್ ಒತ್ತಿದರೆ ಪಿಸ್ಟನ್ ಹೊರಬಂದು ಪ್ಯಾಡುಗಳು ಕಚ್ಚಿಕೊಳ್ಳುತ್ತೆ, ಮತ್ತೆ ಚಕ್ರ ಕೂರಿಸೋಕೆ ಆಗೋದಿಲ್ಲ.

ಫೋರ್ಕಿನ ಎರಡು ಕಾಲಿನ ನಡುವೆ ಸ್ಪೇಸರ್ ಇಲ್ಲದಿದ್ದರೆ ಮೇಲಿನ ಭಾರಕ್ಕೆ ಅವು ಒಳಕ್ಕೆ ಒತ್ತುತ್ತೆ. ಒಳಮೈಗಳ ಅಂತರ ಅಳೆದು ಅಷ್ಟೇ ಉದ್ದದ ಅರ್ಧ ಇಂಚಿನ ಪಿವಿಸಿ ಪೈಪ್ ಕತ್ತರಿಸಿ, ಅದರೊಳಗೆ ಚಕ್ರ ಹಿಡಿಯೋ 12 ಮಿ.ಮೀ. ಅಚ್ಚು (ಥ್ರೂ ಆಕ್ಸಲ್) ತೂರಿಸಿ ಮೆಲ್ಲಗೆ ಬಿಗಿಯಿರಿ. ಹಿಂದಕ್ಕೂ ಹಾಗೇ. ಆಕ್ಸಲ್ ಕಳೆದುಹೋಗೋ ಭಯವೂ ಇರೋದಿಲ್ಲ.

ಹ್ಯಾಂಡಲ್ ತೆಗೆಯೋಕೆ, ಅದನ್ನು ಫೋರ್ಕಿಗೆ ಸೇರಿಸೋ ಸ್ಟೆಮ್ಮಿನ ಮುಂದಿನ ಬೋಲ್ಟುಗಳನ್ನು ಮಾತ್ರ ಬಿಚ್ಚಿ. ಮೇಲಿನ ಕ್ಯಾಪು, ಪಕ್ಕದ ಬೋಲ್ಟುಗಳನ್ನು ಮುಟ್ಟಬೇಡಿ, ಮುಟ್ಟಿದರೆ ಫೋರ್ಕ್ ಜಾರಿ ಬೇರಿಂಗ್ ಸೆಟ್ಟಿಂಗ್ ಮತ್ತೆ ಮಾಡಬೇಕಾಗುತ್ತೆ. ಹ್ಯಾಂಡಲ್ಲನ್ನು ಫ್ರೇಮಿನ ಮೇಲಿನ ಕೊಳವೆಗೆ (ಟಾಪ್ ಟ್ಯೂಬ್) ಒತ್ತಿ ಕಟ್ಟುವಾಗ ಬ್ರೇಕ್ ಹೋಸ್ ಚೂಪಾಗಿ ಮಡಚದಿರಲಿ. ಫ್ರೇಮಿಗೆ ಸುತ್ತೋಕೆ ಎಸಿ ರಿಪೇರಿ ಅಂಗಡಿಯ ಕಪ್ಪು ಫೋಮ್ ಪೈಪು ಒಳ್ಳೇದು, ಉದ್ದಕ್ಕೆ ಸೀಳಿ ಹಾಕಿ. ಖಾಲಿ ಜಾಗ ತುಂಬೋಕೆ ನಮ್ಮೂರಲ್ಲಿ ಜೀನ್ಸ್ ಹೊಲಿಯೋ ಕಡೆ ಚಿಂದಿ ಸಿಗುತ್ತೆ, ಆದರೆ ಅದು ಒರಟು, ತೂಕವೂ ಜಾಸ್ತಿ. ಮೂಲೆಗಳಿಗಷ್ಟೇ ಬಳಸಿ, ಬಣ್ಣಕ್ಕೆ ತಾಗಿಸಬೇಡಿ.

ಟೈರ್ ಗಾಳಿ ಪೂರ್ತಿ ಬಿಡಬೇಕಾ? ಪ್ರಯಾಣಿಕರ ವಿಮಾನದ ಲಗೇಜ್ ಜಾಗದಲ್ಲೂ ಗಾಳಿಯ ಒತ್ತಡ ಕಾಪಾಡಿರ್ತಾರೆ, ಸುಮಾರು 8,000 ಅಡಿ ಎತ್ತರದಲ್ಲಿ ಇರುವಷ್ಟು. ಅದರಿಂದ ಹೆಚ್ಚೋದು 4 ಪಿಎಸ್‌ಐ ಆಸುಪಾಸು, ಟೈರ್ ಸಿಡಿಯೋದಿಲ್ಲ. ಆದರೂ ಕೌಂಟರಿನಲ್ಲಿ ಗಾಳಿ ಇಳಿಸಿ ಅಂತಾರೆ. ಸುಮಾರು 30 ಪಿಎಸ್‌ಐಗೆ ಇಳಿಸಿಡಿ, ರಿಮ್ಮಿಗೂ ರಕ್ಷಣೆ. ಟ್ಯೂಬ್‌ಲೆಸ್ ಆದರೆ ಪೂರ್ತಿ ಬಿಡಲೇಬೇಡಿ, ಟೈರಿನ ಅಂಚು ರಿಮ್ಮಿನಿಂದ ಕಳಚಿ, ತೂತು ಮುಚ್ಚೋ ಸೀಲಂಟ್ ದ್ರವ ಬಾಕ್ಸೆಲ್ಲ ಹರಿಯುತ್ತೆ.

ಫ್ರೇಮ್ ನಡುವೆ, ಚಕ್ರಗಳು ಆಚೀಚೆ, ಮಧ್ಯೆ ರಟ್ಟಿನ ಹಾಳೆ. ಹಬ್ಬಿನ ತುದಿಗಳು ರಟ್ಟು ತೂತು ಮಾಡ್ತವೆ, ಅಲ್ಲಿ ಮೂರು ಪದರ ಹೆಚ್ಚಿಗೆ ಅಂಟಿಸಿ. ಚೈನ್‌ರಿಂಗಿನ ಕೆಳಗೆ ಥರ್ಮಾಕೋಲ್ ಇರಲಿ. ಬೋಲ್ಟುಗಳೆಲ್ಲ ಒಂದು ಚೀಲಕ್ಕೆ, ಚೀಲ ಫ್ರೇಮಿಗೆ ಕಟ್ಟಿ. ಕೊನೆಗೆ ಬಾಕ್ಸ್ ಅಲ್ಲಾಡಿಸಿ, ಸದ್ದು ಬಂದರೆ ಮತ್ತೆ ತೆರೆಯಿರಿ.

ಉಪಕರಣಗಳು ಬಾಕ್ಸಿಗೆ, ಪವರ್ ಬ್ಯಾಂಕು, ಲೈಟು, ಬಿಡಿ ಬ್ಯಾಟರಿ ಕೈಚೀಲಕ್ಕೆ. ಟೈರಿಗೆ ಗಾಳಿ ತುಂಬೋ ಸಿಒ₂ ಕಾರ್ಟ್ರಿಡ್ಜ್ ಮನೆಯಲ್ಲೇ ಇರಲಿ, ಪಂಪ್ ಒಯ್ಯಿರಿ. ದೇಶದೊಳಗಿನ ಟಿಕೆಟ್ಟಿಗೆ ಸಾಮಾನ್ಯವಾಗಿ 15 ಕೆಜಿ ಉಚಿತ. ಬೈಕ್ 9, ಬಾಕ್ಸ್ 4 ಅಂದರೆ ಬೇರೆ ಸಾಮಾನಿಗೆ ಉಳಿಯೋದು 2. ಸೈಕಲ್ ಅಂತ ಮೊದಲೇ ತಿಳಿಸಿ ಶುಲ್ಕ ಕಟ್ಟಿ, ಅವರ ಒಪ್ಪಿಗೆ ಇಮೇಲಿನಲ್ಲಿ ಇಟ್ಟುಕೊಳ್ಳಿ. ಬೆಂಗಳೂರಿನ ಬದಲು ತೋರಣಗಲ್ಲಿನ ಹತ್ತಿರದ ವಿದ್ಯಾನಗರ ವಿಮಾನ ನಿಲ್ದಾಣದಿಂದ ಹೋಗೋದಾದರೆ ವಿಮಾನ ಚಿಕ್ಕದು, ಬಾಕ್ಸಿನ ಅಳತೆ ಹೇಳಿ ಸಾಮಾನಿನ ಬಾಗಿಲಲ್ಲಿ ಹಿಡಿಸುತ್ತಾ ಅಂತ ಕೇಳದೆ ಟಿಕೆಟ್ ಮಾಡಬೇಡಿ. ಬಸ್ಸಿನ ಡಿಕ್ಕಿಯಲ್ಲಿ ಅಡ್ಡ ಮಲಗಿಸಲೇಬೇಕಾದರೆ ಚೈನಿನ ಮಗ್ಗುಲು ಮೇಲೆ ಬರಲಿ. ತಪಾಸಣೆಗೆ ಬಾಕ್ಸ್ ತೆರೆಸಬಹುದು, ಅದಕ್ಕೆ ಟೇಪಿನ ಸುರುಳಿ ಕೈಗೆ ಸಿಗುವಂತಿರಲಿ.

ಅಲ್ಲಿ ಮತ್ತೆ ಜೋಡಿಸುವಾಗ ಪೆಡಲ್ ಮರೆಗೆ ಗ್ರೀಸ್ ಹಚ್ಚಿ, ಮೊದಲ ಸುತ್ತು ಕೈಯಿಂದಲೇ ತಿರುಗಿಸಿ. ಹ್ಯಾಂಡಲ್ ಬೋಲ್ಟುಗಳನ್ನು ಅಡ್ಡಡ್ಡ ಸರದಿಯಲ್ಲಿ ಬಿಗಿಯಿರಿ, ಸ್ಟೆಮ್ ಮೇಲೆ ಬರೆದಿರೋ ನ್ಯೂಟನ್ ಮೀಟರ್ ಮೀರಬೇಡಿ, ಹೆಚ್ಚಿನವಕ್ಕೆ 5. ಡಿರೇಲರಿನ ಚಿಕ್ಕ ನಾಲಿಗೆ ಹ್ಯಾಂಗರಿನ ಮೆಟ್ಟಿಲಿನ ಹಿಂದೆ ಕೂತಿದೆಯಾ ನೋಡಿ. ಹತ್ತಿ ಹೊರಡೋ ಮೊದಲು ಎರಡೂ ಬ್ರೇಕನ್ನು ಹತ್ತಾರು ಸಲ ಒತ್ತಿ. ಲಿವರ್ ಹ್ಯಾಂಡಲ್‌ಗೆ ತಾಗುತ್ತಿದ್ದರೆ ಬ್ಲೀಡ್ ಮಾಡಿಸದೆ (ಬ್ರೇಕ್ ಎಣ್ಣೆಯೊಳಗಿನ ಗಾಳಿ ತೆಗೆಸದೆ) ಹತ್ತಬೇಡಿ.